ಐದೂವರೆ ತಾಸಿನ ಚಂದ್ರಭಾಗಾ

ನಮ್ಮ ಮನೆಯವರ ಹೆಸರು ಉಳವಪ್ಪ. ತಿಂಗಳುಗಳ ಹೆಸರು ಅವರಿಗೆ ಬರುತ್ತಿತ್ತು, ಆದರೆ ಬಳಸುತ್ತಿರಲಿಲ್ಲ. ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸಿ 23.132 ಎಂದು ಬರೆಯುವರು. ಇಪ್ಪತ್ತಮೂರನೆಯ ಇಸವಿಯ ನೂರಾ ಮೂವತ್ತೆರಡನೆಯ ದಿನ. ಮೇ ಹನ್ನೆರಡು ಎಂದು ಬರೆದಿದ್ದರೆ ಉಪ್ಪಿನಕಾಯಿ ಕೆಡುತ್ತಿತ್ತೇನೋ. ಗ್ಯಾಸ್ ಸಿಲಿಂಡರಿನ ಮೇಲೂ ಸೀಮೆಸುಣ್ಣದಲ್ಲಿ ಹಾಗೆಯೇ.

ಮಗಳು ಸಾಕ್ಷಿಯ ಲಗ್ನ ಗೊತ್ತಾದಾಗ ಖಾನಾಪುರದ ಪ್ರೆಸ್ಸಿಗೆ ಪತ್ರಿಕೆ ಬರೆದುಕೊಟ್ಟದ್ದೂ ಅವರೇ. 24.035 ಎಂದು ಬರೆದಿದ್ದರು. ಪ್ರೆಸ್ಸಿನವನು ನನಗೆ ಫೋನ್ ಮಾಡಿದ.

“ಅಕ್ಕಾರ, ಇಪ್ಪತ್ನಾಕನೇ ತಾರೀಖು ಅನ್ನೂದು ತಿಳೀತು. ಮೂವತ್ತೈದನೇ ತಿಂಗಳ ಯಾವುದ್ರಿ?”

ಫೆಬ್ರುವರಿ ನಾಲ್ಕು ಎಂದು ಹೇಳಿದೆ. ನಾನು ನಾಲ್ಕನೆಯ ತರಗತಿ ಓದಿದವಳು. ಆದರೆ ಮೂವತ್ತು ವರ್ಷ ಇವರ ಜೊತೆ ಬಾಳಿ, ಬೆರಳಿನ ಗೆಣ್ಣು ಎಣಿಸಿ ದಿನದಿಂದ ತಿಂಗಳು ತೆಗೆಯುವುದನ್ನು ಕಲಿತಿದ್ದೆ. ಕಲಿಯದಿದ್ದರೆ ಮನೆಯಲ್ಲಿ ಯಾವ ಡಬ್ಬಿ ಹಳೆಯದು, ಯಾವುದು ಹೊಸದು ಎಂದು ಗೊತ್ತಾಗುತ್ತಿರಲಿಲ್ಲ.

ಈ ಚಟ ಅವರಿಗೆ ಕೆಲಸದಿಂದ ಬಂದದ್ದು. ಬೆಳಗಾವಿಯ ಕ್ಯಾಂಪಿನಲ್ಲಿ ಒಂದು ಹಳೆಯ ಬಂಗಲೆ. ಅದರೊಳಗೆ ಒಂದು ವಿಮೆ ಕಂಪನಿಯ ದೊಡ್ಡ ಕಂಪ್ಯೂಟರ್. ಮೇನ್‌ಫ್ರೇಮ್ ಎನ್ನುತ್ತಾರೆ. ಕಂಪನಿಯ ಹೆಸರು ಬೇಡ. ಇವರು ಅಲ್ಲಿ ಸೇರಿದ್ದು ಕಾಗದದ ಪೆಟ್ಟಿಗೆ ಹೊರಲು. ಯಂತ್ರ ಅಚ್ಚು ಹಾಕಿದ ಕಾಗದವನ್ನು ಹರಿದು, ಜೋಡಿಸಿ, ಮೇಜಿಗೆ ಮುಟ್ಟಿಸುವುದು ಕೆಲಸ. ಹರಿಯುತ್ತ ಹರಿಯುತ್ತ ಓದಿದರು. ಓದುತ್ತ ಓದುತ್ತ ಆಪರೇಟರ್ ಆದರು. ಹತ್ತನೆಯ ತರಗತಿಗೆ ಎರಡು ಸಲ ಕೂತವರು. ಇಂಜಿನಿಯರುಗಳು ಬಂದು ಇವರನ್ನು ಏನಾದರೂ ಕೇಳಿದರೆ ಮೀಸೆ ತಿರುವುತ್ತಿದ್ದರಂತೆ. ತಿರುವುವಂಥ ಮೀಸೆ ಏನಿರಲಿಲ್ಲ. ಆದರೂ ತಿರುವುತ್ತಿದ್ದರು.

ಯಂತ್ರಕ್ಕೆ ಥಂಡಿ ಬೇಕು. ಆ ಕೋಣೆಯಲ್ಲಿ ವರ್ಷವಿಡೀ ಎ.ಸಿ. ಏಪ್ರಿಲ್ ಬಿಸಿಲಲ್ಲೂ ಇವರು ಸ್ವೆಟರ್ ಚೀಲಕ್ಕೆ ಹಾಕಿಕೊಂಡು ಖಾನಾಪುರದಲ್ಲಿ ಬಸ್ ಹತ್ತುವರು. “ಉಳವಪ್ಪಣ್ಣಾ, ಕಾಶ್ಮೀರಕ್ಕ ಹೊಂಟೀರೇನು?” ಎಂದು ಕಂಡಕ್ಟರ್ ಕೇಳುತ್ತಿದ್ದ. “ಹೂಂನಪಾ, ನಿನ್ನ ಬಸ್ಸಿನ್ಯಾಗ ಹೋದ್ರ ಮುಂದಿನ ವರ್ಷ ಮುಟ್ಟತೀನಿ” ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಹೀಗೆ ನಡೆಯಿತು.

ಆ ಯಂತ್ರ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಡುತ್ತದೆ. ಯಾರು ಬಂದು ಕೂತರು, ಏನು ಹೇಳಿದರು, ಯಾವ ಹೊತ್ತಿಗೆ ಹೇಳಿದರು. ಅದಕ್ಕೆ ಲಾಗ್ ಎಂದು ಹೆಸರು. ಯಂತ್ರ ಒಂದೇ, ಬರೆಯುವ ಕೈ ಮೂರು. ಒಂದರ ಬರಹ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದು ಕೈ ನಮ್ಮ ಗಡಿಯಾರದ ಹೊತ್ತನ್ನೇ ಬರೆಯುತ್ತದೆ, ಆದರೆ ತಿಂಗಳು ಬರೆಯುವುದಿಲ್ಲ. ವರ್ಷದ ಎಷ್ಟನೆಯ ದಿನ ಎಂದಷ್ಟೇ ಬರೆಯುತ್ತದೆ. ಎರಡನೆಯ ಕೈಗೆ ಗಂಟೆ, ನಿಮಿಷ ಗೊತ್ತಿಲ್ಲ. ನಡುರಾತ್ರಿಯಿಂದ ಸೆಕೆಂಡಿನ ನೂರನೆಯ ಪಾಲುಗಳು ಎಷ್ಟು ಕಳೆದವು ಎಂದು ಎಣಿಸುತ್ತದೆ. ಬೆಳಿಗ್ಗೆ ಒಂಬತ್ತು ಎನ್ನಬೇಕಾದರೆ ಮೂವತ್ತೆರಡು ಲಕ್ಷ ನಲವತ್ತು ಸಾವಿರ ಎನ್ನುತ್ತದೆ. ಮೂರನೆಯದು ಇಂಗ್ಲೆಂಡಿನ ಗಡಿಯಾರ ನೋಡಿ ಬರೆಯುತ್ತದೆ. ಅದು ನಮಗಿಂತ ಐದೂವರೆ ತಾಸು ಹಿಂದೆ. ಇದು ಅಲ್ಲಿಯ ಹೊತ್ತು ಎಂದು ಆ ಬರಹದಲ್ಲಿ ಎಲ್ಲೂ ಇರುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು.

ಇದನ್ನೆಲ್ಲ ಅವರು ನನಗೆ ಹೇಳಿದ್ದು ರೊಟ್ಟಿ ತಿನ್ನುತ್ತ. ನಾನು ಬೇಡವೆಂದರೂ ಹೇಳಿದರು. ಒಮ್ಮೆ ರೂಢಿಯಾಗಲೆಂದು ಅಡುಗೆಮನೆಯಲ್ಲಿ ಐದೂವರೆ ತಾಸು ಹಿಂದಿನ ಒಂದು ಗಡಿಯಾರ ತೂಗುಹಾಕಿದರು. ನನ್ನ ಮೈದುನ ಸಿದರಾಯ ಅದನ್ನು ನೋಡಿ ನಿಶ್ಚಿಂತೆಯಿಂದ ಎರಡನೆಯ ಸಲ ಚಹಾ ಕುಡಿದ. ಅವನ ರೈಲು ಅಷ್ಟರಲ್ಲಿ ಲೋಂಡಾ ದಾಟಿತ್ತು. ಮೂರನೆಯ ದಿನ ಆ ಗಡಿಯಾರದ ಸೆಲ್ ತೆಗೆದು ನಾನು ಟಾರ್ಚಿಗೆ ಹಾಕಿದೆ.

ನೆನಪಿಡಲು ಅವರು ಮೂರು ಕೈಗಳಿಗೂ ನಮ್ಮವರ ಹೆಸರು ಇಟ್ಟಿದ್ದರು. ದಿನ ಎಣಿಸುವುದು ಕಾಡವ್ವ. ಅಂದರೆ ಅವರ ತಾಯಿ. ನಮ್ಮತ್ತೆ ಬದುಕಿರುವವರೆಗೆ ತಿಂಗಳ ಹೆಸರು ಹೇಳಲಿಲ್ಲ. ಎಮ್ಮೆ ಈದು ಅರವತ್ತು ದಿನ, ಮಗಳು ತವರಿಗೆ ಬಂದು ಹನ್ನೊಂದು ದಿನ, ಅಷ್ಟೇ. ಸೆಕೆಂಡಿನ ಚೂರು ಎಣಿಸುವುದು ಸಿದರಾಯ. ಜಾಂಬೋಟಿ ಎಷ್ಟು ದೂರ ಎಂದು ಕೇಳಿದರೆ ಹೆಜ್ಜೆಯ ಲೆಕ್ಕದಲ್ಲಿ ಹೇಳುವ ಮನುಷ್ಯ ಅವನು. ಐದೂವರೆ ತಾಸಿನದು ಚಂದ್ರಭಾಗಾ.

ಚಂದ್ರಭಾಗಾಬಾಯಿ ನಮ್ಮ ಬಾಜು ಮನೆಯವಳು. ಮರಾಠಿ ಮಂದಿ. ನನಗಿಂತ ಹದಿಮೂರು ವರ್ಷ ದೊಡ್ಡವಳು. ಒಮ್ಮೆ ಪೂಜೆಗೆ ಕರೆದು ಹನ್ನೆರಡಕ್ಕೆ ಊಟ ಎಂದಳು. ಎಲೆ ಹಾಕಿದ್ದು ಸಂಜೆ ಐದೂವರೆಗೆ. ನಡುವೆ ಮೂರು ಸಲ ಚಹಾ ಕೊಟ್ಟಳು, ಸುಳ್ಳು ಹೇಳಬಾರದು. ಅಂದಿನಿಂದ ಆಕೆ ಯಾವ ಹೊತ್ತು ಹೇಳಿದರೂ ಇವರು ಅದಕ್ಕೆ ಐದೂವರೆ ತಾಸು ಕೂಡಿಸಿಯೇ ಅಂಗಿ ತೊಡುತ್ತಿದ್ದರು. ಯಂತ್ರದ ಮೂರನೆಯ ಕೈಗೂ ಅದೇ ಲೆಕ್ಕ. “ಚಂದ್ರಭಾಗಾ ಬರದಾಳಂದ್ರ ಕೂಡಸಬೇಕು” ಎನ್ನುತ್ತಿದ್ದರು.

ಹೋದ ವರ್ಷ ಜೂನ್ ಹತ್ತು, ಮಂಗಳವಾರ. ಮರಾಠಿ ಹೆಂಗಸರಿಗೆ ಅಂದು ವಟಪೌರ್ಣಿಮೆ. ಗಂಡನ ಆಯುಷ್ಯಕ್ಕೆಂದು ಆಲದ ಮರಕ್ಕೆ ದಾರ ಸುತ್ತುತ್ತಾರೆ. ನಮ್ಮಲ್ಲಿ ಅದಿಲ್ಲ. ಆದರೆ ಚಂದ್ರಭಾಗಾ ಪ್ರತಿ ವರ್ಷ ಕರೆಯುತ್ತಾಳೆ, ನಾನು ಹೋಗುತ್ತೇನೆ. ಹತ್ತಕ್ಕೆ ಎಂದಿದ್ದಳು. ಮಾವಿನಹಣ್ಣು ಬೇಕಾಗಿತ್ತು. ಖಾನಾಪುರದಲ್ಲಿ ಮಳೆಗೆ ಹಣ್ಣು ಕೊಳೆತಿದ್ದವು. ಬೆಳಿಗ್ಗೆ ಇವರಿಗೆ ಫೋನ್ ಮಾಡಿದೆ.

“ಹತ್ತಕ್ಕ ಅಂದಾಳಲ್ಲ? ಹಂಗಾರ ಮೂರೂವರಿಗೆ” ಎಂದರು. “ಮೂರಕ್ಕ ನನ್ನ ಪಾಳಿ ಮುಗೀತೈತಿ. ಸಾವಕಾಶ ತರ್ತೀನಿ ತಗೋ.”

ಆದರೆ ಚಂದ್ರಭಾಗಾ ಆ ಸಲ ಲೆಕ್ಕ ತಪ್ಪಿಸಿದಳು. ಮೂರಕ್ಕೆ ಕಾಲು ಗಂಟೆ ಇರುವಾಗಲೇ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ನಾನು ಮತ್ತೆ ಫೋನ್ ಮಾಡಿ, ಲಗೂನ ಬರ್ರಿ, ಎಷ್ಟೊತ್ತು ಎಂದು ಬೈದೆ. ನಾಲ್ಕೂ ಇಪ್ಪತ್ತಕ್ಕೆ ಹಣ್ಣು ತಂದರು. ಚಂದ್ರಭಾಗಾ ಏಳು ಸುತ್ತು ಸುತ್ತಿ ನನ್ನ ಕೈಗೂ ದಾರ ಕೊಟ್ಟಳು. ನಾನೂ ಸುತ್ತಿದೆ.

ಒಂಬತ್ತು ದಿನಕ್ಕೆ ಇವರು ಹೋದರು. ಬೆಳಿಗ್ಗೆ ಸ್ವೆಟರ್ ಮಡಚುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ. ಆ ಮರದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ತಿಂಗಳು ಕಳೆದ ಮೇಲೆ ನಿಖಿತಾ ಬಂದಳು. ಇವರ ಕೈಕೆಳಗೆ ಕೆಲಸ ಕಲಿತ ಆಪರೇಟರ್. ಜಡಿಮಳೆಯಲ್ಲಿ ಬೆಳಗಾವಿಯಿಂದ ಬಂದಿದ್ದಳು. ಸೀರೆ ಕೊಟ್ಟೆ, ಉಟ್ಟುಕೊಂಡಳು, ಚಹಾ ಕುಡಿದಳು. ಆಮೇಲೆ ಖಾಲಿ ಕಪ್ಪು ತಿರುವುತ್ತ ಕೂತಳು.

“ಏನದ ಹೇಳವ್ವಾ. ಸೀರಿ ಉಟಗೊಳ್ಳಾಕ ಬಂದಿಲ್ಲ ನೀ.”

“ಕಾಕೂ, ಸಿಟ್ಟಾಗಬ್ಯಾಡ್ರಿ” ಎಂದು ಸುರು ಮಾಡಿದಳು.

ಜೂನ್ ಹತ್ತರಂದು ಯಂತ್ರದೊಳಗಿನ ಒಂದು ಕಡತ ಅಳಿಸಿಹೋಗಿತ್ತು. ಅದು ಗೊತ್ತಾದದ್ದು ತಿಂಗಳ ಕೊನೆಗೆ, ಇವರು ಹೋದ ಮೇಲೆ. ಯಾರೋ ಹಳೆಯ ವರ್ಷದ್ದನ್ನು ಅಳಿಸಲು ಹೋಗಿ ಈ ವರ್ಷದ್ದನ್ನು ಅಳಿಸಿದ್ದರು. ಮೂರು ಜಿಲ್ಲೆಯ ಮಂದಿಯ ವಿಳಾಸಗಳು. ಬೇರೆ ಕಡೆ ಅದರ ಪ್ರತಿ ಇತ್ತು. ಎರಡು ದಿನದಲ್ಲಿ ತಂದು ಕೂಡಿಸಿದರು. ಆದರೆ ಯಾರು ಮಾಡಿದರು ಎಂದು ಬರೆದು ಮೇಲಿನ ಆಫೀಸಿಗೆ ಕಳಿಸಬೇಕು. ಯಂತ್ರದ ಬರಹದಲ್ಲಿ ಉಳವಪ್ಪ ಎಂದಿತ್ತು. ಹೊತ್ತು 10:10 ಎಂದಿತ್ತು. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಇದ್ದವರೂ ಇವರೇ. ವರದಿ ಬರೆದಾಗಿತ್ತು. ಆಪರೇಟರ್ ಉಳವಪ್ಪನ ನಿಷ್ಕಾಳಜಿ ಎಂದು.

“ನಾಳೆ ಹನ್ನೊಂದಕ್ಕ ಮೀಟಿಂಗ್ ಐತ್ರಿ. ಆಮ್ಯಾಲ ಕಳಸ್ತಾರ. ನಿಮಗೇನೂ ತೊಂದ್ರಿ ಆಗೂದಿಲ್ಲರಿ ಕಾಕೂ. ಕಾಕಾ ಹ್ವಾದ ಮ್ಯಾಲ ಅವರಿಗೂ...”

“ಸತ್ತವರಿಗೆ ತೊಂದ್ರಿ ಇಲ್ಲಂತ ನಿನಗ ಯಾರ ಹೇಳಿದ್ರು?”

ನನಗೆ ಬೇಕಾಗಿದ್ದದ್ದು ಒಂದೇ. ಆ ಮಾತು ಅವರ ಹೆಸರಿನ ಕೆಳಗೆ ಉಳಿಯಬಾರದು. ಒಂದು ಉಪ್ಪಿನಕಾಯಿ ಭರಣಿಯ ಚೀಟಿ ತಪ್ಪು ಬರೆದವರಲ್ಲ ಅವರು.

“ಇನ್ನೊಂದ ಐತ್ರಿ” ಎಂದಳು. “ಕೇಳಾಕ ನಾಚಿಕಿ ಬರ್ತೈತಿ. ಕಾಕೂ, ಈ ಚಂದ್ರಭಾಗಾ ಅಂದ್ರ ಯಾರ್ರಿ?”

ಫೋನಿನಲ್ಲಿ ಇವರ ಡೈರಿಯ ಹಾಳೆಯ ಫೋಟೋ ತೋರಿಸಿದಳು. ಇವರದೇ ಅಕ್ಷರ. ಚಂದ್ರಭಾಗಾ, ಐದೂವರೆ ತಾಸು ಕೂಡಿಸು. ಕೆಳಗೆ ಎರಡು ಗೆರೆ.

“ಹತ್ತ ಕಡೆ ಬರದಾರ್ರಿ. ನಮ್ಮ ಆಫೀಸಿನ್ಯಾಗ ಆ ಹೆಸರಿನವರು ಯಾರೂ ಇಲ್ಲ. ಹಳೇ ರಜಿಸ್ಟರ್ ಸುದ್ದಾ ನೋಡಿದ್ರು. ಮಂದಿ ಏನೇನೋ ಅಂದ್ರು. ಕಾಕೂಗ ಗೊತ್ತಾಗೂದು ಬ್ಯಾಡಂತ ಸಾಹೇಬ್ರು ಡೈರೀನ ಡ್ರಾವರ್‌ನ್ಯಾಗ ಇಟ್ಟು ಕೀಲಿ ಹಾಕಿದ್ರು.”

ನಾನು ನಕ್ಕೆ. ಅವರು ಹೋದ ಮೇಲೆ ಅದೇ ಮೊದಲು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಖಿತಾ ಹೆದರಿ ನೀರು ತರಲು ಎದ್ದಳು. ನಾನು ಗೋಡೆಯ ಕಡೆ ತಿರುಗಿ ಕೂಗಿದೆ.

“ಚಂದ್ರಭಾಗಾಬಾಯೀ! ಬಾ ಇಲ್ಲೆ. ನಿನ್ನ ಹುಡಕೊಂಡು ಬೆಳಗಾವಿಯಿಂದ ಬಂದಾರ!”

ಬಂದಳು. ತಡವಾಗಿಯೇ ಬಂದಳು. ಎಪ್ಪತ್ತೊಂದು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಕೈತುಂಬ ಹಿಟ್ಟು. ನಿಖಿತಾ ಆಕೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಇವರಾ?” ಎಂದಳು.

“ಇವರೇ. ನಿಮ್ಮ ಮಶೀನಿಗೆ ಇವರ ಹೆಸರ ಇಟ್ಟಿದ್ರು ನಮ್ಮವರು.”

“ಅಗ ಬಾಯಿ!” ಚಂದ್ರಭಾಗಾ ಸೆರಗು ಸರಿ ಮಾಡಿಕೊಂಡಳು. “ಅಷ್ಟ ದೊಡ್ಡ ಮಶೀನಿಗೆ? ಭಾವೂಜಿ ನನಗ ಹೇಳಲೇ ಇಲ್ಲ ನೋಡ!”

ಯಾಕೆ ಇಟ್ಟಿದ್ದರು ಎಂದು ಹೇಳಿದೆ. ಮುಖ ಬದಲಾಯಿತು.

“ಒಂದ ಸಲ ತಡಾ ಆಗಿತ್ತು. ಒಂದ ಸಲ! ಭಟ್ಟ ಬರಲಿಲ್ಲ, ನಾ ಏನ ಮಾಡ್ಲಿ? ಅದನ್ನ ಹೋಗಿ ಮಶೀನಿಗೂ ಹೇಳಿಬಿಟ್ರಾ ಭಾವೂಜಿ?”

“ನಿನ್ನೆ ಮುಂಜಾನೆ ಹಾಲ ತರ್ತೀನಂದವಳು ಯಾವಾಗ ತಂದಿ?”

“ಅದು ಬ್ಯಾರೆ ಮಾತ.”

ಆಮೇಲೆ ನಿಖಿತಾಳನ್ನು ಕೇಳಿದೆ. ಈ 10:10 ಬರೆದದ್ದು ಯಾವ ಕೈ? ಅವಳು ಯೋಚಿಸಿದಳು. ಮೊದಲಿನ ಎರಡು ಬರಹ ಹತ್ತು ದಿನ ಮಾತ್ರ ಇಡುತ್ತಾರಂತೆ. ವಿಚಾರಣೆ ಸುರುವಾಗುವ ಹೊತ್ತಿಗೆ ಅಳಿದುಹೋಗಿದ್ದವು. ಉಳಿದದ್ದು ಮೂರನೆಯದು. ಅದನ್ನು ಯಾವಾಗಲೂ ಇವರೇ ನೋಡುತ್ತಿದ್ದರು. ಬೇರೆಯವರಿಗೆ ಅದರ ಹೊತ್ತು ಬೇರೆ ಎಂಬುದು ಗೊತ್ತಿರಲಿಲ್ಲ. ಪಕ್ಕದಲ್ಲಿಟ್ಟು ಹೊಂದಿಸಿ ನೋಡಲು ಉಳಿದೆರಡು ಬರಹ ಇರಲಿಲ್ಲ.

ಬೆರಳು ಮಡಚಿದೆ. ಹತ್ತೂ ಹತ್ತಕ್ಕೆ ಐದೂವರೆ ಕೂಡಿಸಿದರೆ ಮೂರೂ ನಲವತ್ತು. ಮಧ್ಯಾಹ್ನ ಮೂರೂ ನಲವತ್ತಕ್ಕೆ ಇವರು ಮಾವಿನಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರು.

ನಿಖಿತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಅವಳೇ ಸಣ್ಣಗಾದಳು. “ಆದ್ರ ಕಾಕೂ, ಸಾಹೇಬ್ರು ನಂಬಬೇಕಲ್ಲರಿ? ಬಾಜು ಮನಿ ಬಾಯಾರ ಹೆಸರ ಬರದೈತಿ ಅಂದ್ರ ನಗತಾರ.”

“ನಗಲಿ. ನಾ ಬರ್ತೀನಿ ನಾಳೆ.”

“ನಾನೂ ಬರ್ತೀನಿ” ಎಂದಳು ಚಂದ್ರಭಾಗಾ. “ನನ್ನ ಹೆಸರಿಂದು ಪ್ರಶ್ನೆ ಐತಿ. ಒಂಬತ್ತಕ್ಕ ಹೊಂಡೂಣು.”

ಒಂಬತ್ತಕ್ಕೆ ಐದೂವರೆ ಕೂಡಿಸಿದರೆ ಎರಡೂವರೆ. ನಾನು ಹೇಳದೆ ಎಂಟರ ಬಸ್ಸಿಗೆ ಹೋದೆ. ಆಕೆಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಷ್ಟು ವರ್ಷದಲ್ಲಿ ನಾನು ಆ ಬಂಗಲೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಖರೇ, ಥಂಡಿ ಇತ್ತು. ಸೆರಗು ಹೊದ್ದುಕೊಂಡೆ. ಮ್ಯಾನೇಜರ್ ಶಶಿಧರ ಸಾಹೇಬರು ಎದ್ದು ನಿಂತರು. ಒಳ್ಳೆಯ ಮನುಷ್ಯ. ಮೇಜಿನ ಆ ಕಡೆ ಅಭಿಜಿತ ಇದ್ದ. ಮೂರು ಗಂಟೆಗೆ ಇವರಿಂದ ಕುರ್ಚಿ ತಗೊಳ್ಳುವ ಆಪರೇಟರ್. ಎರಡು ಮಕ್ಕಳ ತಂದೆ. ಇವರ ಮಣ್ಣಿಗೆ ಬಂದು ಅತ್ತಿದ್ದ.

“ಬರ್ರಿ ಅವ್ವಾರ, ಕುಂದರ್ರಿ. ನೀವ್ಯಾಕ ತ್ರಾಸ ತಗೊಂಡ್ರಿ?”

ನಿಖಿತಾ ಐದೂವರೆ ತಾಸಿನ ಮಾತು ಹೇಳಿದಳು. ಸಾಹೇಬರು ಕೇಳಿಸಿಕೊಂಡರು. “ಹಂಗಿರಬಹುದು. ಆದ್ರ ಆಧಾರ ಬೇಕಲ್ಲ? ಡೈರಿಯೊಳಗ ಹೆಣ್ಣಮಗಳ ಹೆಸರ ಐತಿ ಅಂತ ನಾ ಹ್ಯಾಂಗ ಬರೀಲಿ?”

ನಾನು ಕೇಳಿದೆ. “ಸಾಹೇಬ್ರ, ಇದ ಮೂರನೇ ಕೈ ಬರದದ್ದರಾಗ, ಅವತ್ತ ನಮ್ಮವರು ಬಂದು ಕುಂತದ್ದು ಎಷ್ಟಕ್ಕಂತ ಐತಿ?”

ಅವರ ಹತ್ತಿರ ಹತ್ತು ಗಂಟೆಯ ಆಚೀಚೆಯ ಹಾಳೆ ಮಾತ್ರ ಇತ್ತು. ಉಳಿದದ್ದನ್ನು ಯಾರೂ ತೆಗೆದು ನೋಡಿರಲಿಲ್ಲ. ನಿಖಿತಾ ಕಂಪ್ಯೂಟರಿನಲ್ಲಿ ತೆಗೆದಳು. ಸಾಹೇಬರು ಬಗ್ಗಿ ಓದಿದರು.

“ಒಂದು ಮೂವತ್ತೆರಡು.” ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ರಾತ್ರಿ ಒಂದು ಮೂವತ್ತೆರಡಾ?”

“ರಾತ್ರಿ ಒಂದೂವರಿಗೆ ಅವರು ಖಾನಾಪುರದಾಗ ನನ್ನ ಬಾಜು ಗೊರಕಿ ಹೊಡೀತಿದ್ರು” ಎಂದೆ. “ಬೇಕಾದ್ರ ಓಣ್ಯಾಗ ಕೇಳ್ರಿ. ನಾಕ ಮನಿಗೆ ಕೇಳಸ್ತಿತ್ತು.”

ಅಭಿಜಿತ ನಕ್ಕುಬಿಟ್ಟ. ಸಾಹೇಬರೂ ನಕ್ಕರು. ನಾನು ನಗಲಿಲ್ಲ. ಬೆರಳು ಮಡಚಿ ತೋರಿಸಿದೆ. ಒಂದು ಮೂವತ್ತೆರಡಕ್ಕೆ ಐದೂವರೆ ಕೂಡಿಸಿದರೆ ಏಳೂ ಎರಡು. ಏಳಕ್ಕೆ ಪಾಳಿ. ಎರಡು ನಿಮಿಷ ಸ್ವೆಟರ್ ಹಾಕಿಕೊಳ್ಳಲು.

ಸಾಹೇಬರು ಗೇಟಿನ ರಜಿಸ್ಟರ್ ತರಿಸಿದರು. ವಾಚ್‌ಮನ್ ಕೈಯಿಂದ ಬರೆಯುವ ಪುಸ್ತಕ. ಅದಕ್ಕೆ ಒಂದೇ ಗಡಿಯಾರ, ಗೋಡೆಯದು. ಉಳವಪ್ಪ ಒಳಗೆ 6:55, ಹೊರಗೆ 3:02. ಅಲ್ಲಿಗೆ ಮುಗಿಯಿತು. ಮುಂದಿನ ಪ್ರಶ್ನೆ ಎಲ್ಲರಿಗೂ ಗೊತ್ತಿತ್ತು. ಮೂರೂ ನಲವತ್ತಕ್ಕೆ ಕುರ್ಚಿಯಲ್ಲಿ ಯಾರಿದ್ದರು?

ಅಭಿಜಿತ ಎದ್ದು ನಿಂತ. ಈಗ ನಗು ಇರಲಿಲ್ಲ.

“ನಾನ ಇದ್ನಿ ಸರ್. ಅಳಸಿದ್ದೂ ನಾನ. ಹಳೇದನ್ನ ಅಳಸೀನಿ ಅಂತ ತಿಳಕೊಂಡಿದ್ನಿ. ಹಾಳಿ ಮ್ಯಾಲ ಹತ್ತೂ ಹತ್ತು ಅಂತ ಇತ್ತು. ಹಂಗಾರ ಮುಂಜಾನೆನ ಕೆಟ್ಟೈತಿ, ನಂದಲ್ಲಂತ ಸುಮ್ಮನಿದ್ನಿ.” ನನ್ನ ಕಡೆ ತಿರುಗಿದ. “ಕಾಕೂ, ದೇವರಾಣಿ, ನನಗ ಗೊತ್ತಿರಲಿಲ್ಲರಿ.”

“ಗೊತ್ತಿದ್ರ ನೀ ಅಷ್ಟ ಅಳತಿರಲಿಲ್ಲ. ಕುಂದರು” ಎಂದೆ.

ಆದರೆ ಇವರ ಹೆಸರು ಹೇಗೆ ಬಂತು? ಅದನ್ನು ನಿಖಿತಾ ಸಣ್ಣ ದನಿಯಲ್ಲಿ ಹೇಳಿದಳು. ಕೂತವರು ಏಳುವಾಗ ಯಂತ್ರದಲ್ಲಿ ತಮ್ಮ ಹೆಸರು ಮುಚ್ಚಿ, ಅಂದರೆ ಲಾಗ್‌ಔಟ್ ಮಾಡಿ, ಏಳಬೇಕು. ಇವರು ಅಂದು ಮುಚ್ಚದೆ ಎದ್ದುಹೋಗಿದ್ದರು. ಅಭಿಜಿತ ನೋಡದೆ ಅದೇ ಹೆಸರಿನಲ್ಲಿ ಕೂತು ಕೆಲಸ ಮಾಡಿದ್ದ. ಹೆಸರು ಮುಚ್ಚದೆ ಎದ್ದವರಿಗೆ ಇವರು ಎಲ್ಲರೆದುರು ಬೈಯುತ್ತಿದ್ದರಂತೆ. ನಿಖಿತಾಗೂ ಬೈದಿದ್ದರು, ಅಭಿಜಿತನಿಗೂ. ಮನೆಯ ಬಾಗಿಲು ತೆಗೆದಿಟ್ಟು ಹೋಗ್ತೀರೇನು ಎಂದು.

ಮೂರಕ್ಕೆ ಕಾಲು ಗಂಟೆ ಇರುವಾಗ ಫೋನ್ ಮಾಡಿ ಲಗೂನ ಬರ್ರಿ ಎಂದವಳು ನಾನು. ಅದನ್ನು ಅಲ್ಲಿ ಹೇಳಿದೆ. ಸಾಹೇಬರು ಕೈ ಆಡಿಸಿದರು.

“ಅದೆಲ್ಲ ಬಿಡ್ರಿ ಅವ್ವಾರ. ಉಳವಪ್ಪಂದು ಏನೂ ತಪ್ಪಿಲ್ಲಂತ ಬರದಬಿಡ್ತೀನಿ.”

“ಬ್ಯಾಡ್ರಿ.”

“ಯಾಕ್ರಿ?”

“ಹೆಸರ ಮುಚ್ಚಲಾರದ ಬಂದದ್ದು ಖರೇ ಐತಿ. ಅದನ್ನ ಬರೀರಿ. ಅಳಸಿದ್ದು ಅವರಲ್ಲ. ಅದನ್ನೂ ಬರೀರಿ. ಎರಡೂ ಇರಲಿ. ಏನೂ ತಪ್ಪಿಲ್ಲಂತ ಬರದ್ರ ಓದಿದವರು ನಂಬೂದಿಲ್ಲ, ನಾನೂ ನಂಬೂದಿಲ್ಲ.”

ಸಾಹೇಬರು ನನ್ನನ್ನು ನೋಡಿದರು. “ನನ್ನ ಹೆಸರೂ ಬರೀರಿ ಸರ್” ಎಂದ ಅಭಿಜಿತ. “ಬರೀರಿ, ತಾನೇ ಎದ್ದು ನಿಂತು ಹೇಳಿದ ಅಂತನೂ ಬರೀರಿ” ಎಂದೆ. ಹಳೆಯ ಹಾಳೆ ಹರಿದು ಹೊಸದು ಬರೆದರು. ಇಂಗ್ಲಿಷಿನಲ್ಲಿತ್ತು. ನಿಖಿತಾ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಉಳವಪ್ಪ ಮಧ್ಯಾಹ್ನ ಮೂರು ಗಂಟೆ ಎರಡು ನಿಮಿಷಕ್ಕೆ, ತಮ್ಮ ಹೆಸರು ಮುಚ್ಚುವುದನ್ನು ಮರೆತು, ಮನೆಗೆ ಹೊರಟರು. ಕಡತ ಅಳಿಸಿದ್ದು ಅವರಲ್ಲ.

“ಯಾವ ಗಡಿಯಾರದ ಮೂರು ಗಂಟಿ ಅಂತ ಬರದಾರೇನು?” ಎಂದು ಕೇಳಿದೆ.

ಸಾಹೇಬರು ಪೆನ್ನು ತಗೊಂಡು, ಭಾರತದ ಹೊತ್ತು ಎಂದು ಸೇರಿಸಿ ಸಹಿ ಮಾಡಿದರು.